ಚಳಿಗಾಲದ ರಜೆ ಯಾರ ಮನೆಯ ಸ್ವತ್ತು?

ಡಿಸೆಂಬರ್ ತಿಂಗಳ ಮೂರನೆಯ ವಾರ ಬಂತೆಂದರೆ ರಾಜಧಾನಿಯ ಪತ್ರಿಕೆಗಳಿಗೆ ಒಂದು ಬಗೆಯ ಉಲ್ಲಾಸದ ಜ್ವರ ಹತ್ತುತ್ತದೆ. ಚಳಿಗಾಲದ ರಜೆಯನ್ನು ಕುಟುಂಬ ಸಮೇತ ಬೆಂಗಳೂರಿನಲ್ಲಿ ಹೇಗೆ ಕಳೆಯಬೇಕು, ಮಕ್ಕಳನ್ನು ಎಲ್ಲೆಲ್ಲಿಗೆ ಕರೆದೊಯ್ಯಬೇಕು, ಯಾವ ಮಾಲಿನಲ್ಲಿ ಎಷ್ಟು ಎತ್ತರದ ಕ್ರಿಸ್‌ಮಸ್ ಮರ ನಿಲ್ಲಿಸಿದ್ದಾರೆ, ಯಾವ ಹೋಟೆಲಿನಲ್ಲಿ ವರ್ಷದ ಕೊನೆಯ ರಾತ್ರಿಯ ಔತಣಕ್ಕೆ ತಲೆಗೆ ಎಷ್ಟು ಎಂಬ ಪಟ್ಟಿಗಳು ಪುಟಗಟ್ಟಲೆ ಅಚ್ಚಾಗುತ್ತವೆ. ಈಗ ಪತ್ರಿಕೆ ಕೊಳ್ಳುವ ಅಗತ್ಯವೂ ಇಲ್ಲ. ಅಂಗೈಯೊಳಗಿನ ಫೋನೇ ಆ ಪಟ್ಟಿಯನ್ನು ತೆಕ್ಕಲಕೋಟೆಯ ಅಕ್ಕಿ ಗಿರಣಿಯ ಅಂಗಳದವರೆಗೆ ತಂದು ಹಾಕುತ್ತದೆ. ಪಟ್ಟಿ ಓದಿದವರಿಗೆ ನಾಡಿನಲ್ಲಿ ಎಲ್ಲರಿಗೂ ರಜೆ ಇದೆ, ಎಲ್ಲರ ಜೇಬಿನಲ್ಲಿಯೂ ಹಣವಿದೆ, ಉಳಿದಿರುವ ಕಷ್ಟವೆಂದರೆ ಯಾವುದನ್ನು ಆರಿಸಿಕೊಳ್ಳಬೇಕೆಂಬುದೊಂದೇ ಎಂದು ತೋರಬೇಕು!

ನಮಗೆ ಪರಿಚಯದ ಹಮಾಲರೊಬ್ಬರ ಮಗಳು ಏಳನೆಯ ತರಗತಿಯಲ್ಲಿ ಓದುತ್ತಾಳೆ. ಹುಡುಗಿ ಅಂಥದೊಂದು ಪಟ್ಟಿಯನ್ನು ತಂದೆಯ ಫೋನಿನಲ್ಲಿ ಓದಿ, “ಅಪ್ಪಾ, ನಮ್ಮ ಚಳಿಗಾಲದ ರಜೆ ಯಾವಾಗ?” ಎಂದು ಕೇಳಿದಳಂತೆ. ಆತ ಈ ಸಂಗತಿಯನ್ನು ನಗುತ್ತಲೇ ಹೇಳಿದರು. ಆಮೇಲೆ ನಗು ನಿಲ್ಲಿಸಿ, “ಬೆಂಗಳೂರು ನಾ ನೋಡೀನಿರೀ. ಆದ್ರ ಸಿಮೆಂಟಿನ ಚೀಲದ ಕೆಳಗಿಂದ ನೋಡೀನಿ” ಎಂದರು.

ಹುಡುಗಿಯ ಪ್ರಶ್ನೆಗೆ ಮೊದಲು ಉತ್ತರ ಕೊಡೋಣ. ಆಕೆಗೆ ಚಳಿಗಾಲದ ರಜೆಯೇ ಇಲ್ಲ. ನಮ್ಮ ರಾಜ್ಯದ ಸರಕಾರಿ ಶಾಲೆಗಳಿಗೆ ದಸರೆಯಲ್ಲಿ ಒಂದು ರಜೆ, ಏಪ್ರಿಲ್-ಮೇ ತಿಂಗಳಲ್ಲಿ ಬೇಸಿಗೆಯ ರಜೆ. ಕ್ರಿಸ್‌ಮಸ್ಸಿಗೆ ಡಿಸೆಂಬರ್ 25ರಂದು ಒಂದು ದಿನ. ಮರುದಿನ ಮತ್ತೆ ಗಂಟೆ ಬಾರಿಸುತ್ತದೆ. ಡಿಸೆಂಬರಿನಲ್ಲಿ ವಾರ, ಹತ್ತು ದಿನ ಬಾಗಿಲು ಹಾಕುವುದು ನಗರದ ಕಾನ್ವೆಂಟುಗಳು, ದಿಲ್ಲಿಯ ಪಠ್ಯಕ್ರಮದ ದೊಡ್ಡ ಶುಲ್ಕದ ಶಾಲೆಗಳು. ಅಂದರೆ “ಚಳಿಗಾಲದ ರಜೆ” ಎಂಬ ಮಾತು ಹವಾಮಾನದ ಮಾತಲ್ಲ. ಅದು ಶುಲ್ಕದ ರಶೀದಿಯ ಮಾತು.

ನಮ್ಮ ಕಡೆ ಮಾಗಿಯಲ್ಲಿ ಹಬ್ಬವೇ ಇರಲಿಲ್ಲವೆಂದು ಯಾರೂ ತಿಳಿಯಬಾರದು. ಎಳ್ಳಮವಾಸ್ಯೆಯಂದು ಎತ್ತಿನ ಗಾಡಿ ಕಟ್ಟಿ, ಸಜ್ಜೆ ರೊಟ್ಟಿ, ಕಡುಬು, ಹೋಳಿಗೆ, ಎಣ್ಣೆಗಾಯಿಗಳ ಬುತ್ತಿಯೊಡನೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಬಿಳಿಜೋಳದ ನಡುವೆ ಚರಗ ಚೆಲ್ಲಿ ಉಂಡು ಬರುವುದಕ್ಕಿಂತ ಮಿಗಿಲಾದ ಕುಟುಂಬ ವಿಹಾರವನ್ನು ಯಾವ ಪತ್ರಿಕೆಯ ಪಟ್ಟಿ ಕೊಟ್ಟೀತು? ಆದರೆ ಆ ಹಬ್ಬಕ್ಕೂ ಹೊಲ ಬೇಕಲ್ಲ! ಭೂಮಿ ಇಲ್ಲದವನು ಇನ್ನೊಬ್ಬರ ಹೊಲದಲ್ಲಿ ಕರೆದರೆ ಉಣ್ಣಬೇಕು, ಕರೆಯದಿದ್ದರೆ ಮನೆಯಲ್ಲಿರಬೇಕು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಿಟ್ಟಿತು. ಸಿರುಗುಪ್ಪ ತಾಲ್ಲೂಕಿನ ಎಷ್ಟೋ ಜೋಳದ ಹೊಲಗಳು ಬತ್ತದ ಗದ್ದೆಗಳಾದವು. ಇದರಿಂದ ಸಂಪತ್ತು ಬಂದದ್ದು ನಿಜ. ಆ ಸಂಪತ್ತಿನ ಜೊತೆಗೆ ಮಾಗಿಯ ಬಿಡುವು ಹೋಯಿತು ಎಂಬುದೂ ಅಷ್ಟೇ ನಿಜ.

ಏಕೆಂದರೆ ಪೇಟೆಯವರು ರಜೆ ಎಂದು ಕರೆಯುವ ದಿನಗಳೇ ನಮಗೆ ಸುಗ್ಗಿ. ನವೆಂಬರ್-ಡಿಸೆಂಬರಿನಲ್ಲಿ ಮುಂಗಾರಿನ ಬತ್ತ ಕೊಯ್ಲಿಗೆ ಬರುತ್ತದೆ. ತೆಕ್ಕಲಕೋಟೆ, ಸಿರುಗುಪ್ಪ, ಕುರುಗೋಡುಗಳ ರಸ್ತೆಗಳ ಮೇಲೆ ಲಾರಿಗಳು ಸಾಲುಗಟ್ಟುತ್ತವೆ. ಗಿರಣಿಯ ಬಾಯ್ಲರು ಹೊತ್ತಿಕೊಂಡರೆ ಆರುವುದಿಲ್ಲ. ಬತ್ತ ಇಳಿಸುವವರು, ಹೊಟ್ಟು ಬಾಚುವವರು, ಅಕ್ಕಿ ತುಂಬುವವರು, ಚೀಲ ಹೊಲಿಯುವವರು, ನುಚ್ಚು ಗುಡಿಸುವ ಹೆಣ್ಣುಮಕ್ಕಳು, ಈಗೀಗ ಹೊರ ರಾಜ್ಯಗಳಿಂದ ಬಂದು ಗಿರಣಿಯ ಷೆಡ್ಡಿನಲ್ಲಿಯೇ ಮಲಗುವ ಹುಡುಗರು, ಇವರೆಲ್ಲರಿಗೂ ಡಿಸೆಂಬರ್ ಎಂದರೆ ಧೂಳಿನ ತಿಂಗಳು. ಬೆಂಗಳೂರಿನ ಹೋಟೆಲಿನಲ್ಲಿ ಡಿಸೆಂಬರ್ 31ರ ರಾತ್ರಿ ಬಡಿಸುವ ಸೋನಾ ಮಸೂರಿ ಅನ್ನ ಎಲ್ಲಿಂದ ಬಂತು? ಅದನ್ನು ಹೊತ್ತವನ ಹೆಗಲು ಅದೇ ರಾತ್ರಿ ಇನ್ನೊಂದು ಚೀಲದ ಕೆಳಗಿರುತ್ತದೆ.

“ಗಿರಣಿ ನಿಂತಾಗ ಬೇಕಾದಷ್ಟು ರಜೆ ಇದೆಯಲ್ಲ!” ಎನ್ನುವ ಮಾಲೀಕ ಮಹಾಶಯರಿದ್ದಾರೆ. ಹೌದು, ಇದೆ. ಗಿರಣಿ ನಿಂತಾಗ ರಜೆ ಇದೆ, ಕೂಲಿ ಇಲ್ಲ. ಕೂಲಿ ಇರುವಾಗ ರಜೆ ಇಲ್ಲ. ಕೂಲಿಯಿಲ್ಲದ ರಜೆಗೆ ಕನ್ನಡದಲ್ಲಿ ಬೇರೆ ಹೆಸರಿದೆ. ಅದಕ್ಕೆ ನಿರುದ್ಯೋಗವೆನ್ನುತ್ತಾರೆ.

ಇನ್ನು ಕಾನೂನಿನ ಮಾತು. 1948ರ ಕಾರ್ಖಾನೆಗಳ ಕಾಯ್ದೆ, ವರ್ಷದಲ್ಲಿ 240 ದಿನ ದುಡಿದ ಕಾರ್ಮಿಕನಿಗೆ ಪ್ರತಿ 20 ದಿನಗಳ ದುಡಿಮೆಗೆ ಒಂದು ದಿನದಂತೆ ಮರುವರ್ಷ ಸಂಬಳ ಸಹಿತ ರಜೆ ಕೊಡಬೇಕೆಂದು ವಿಧಿಸಿತು. ಎಪ್ಪತ್ತಕ್ಕೂ ಹೆಚ್ಚು ವರ್ಷ ಈ ಕಾಯ್ದೆ ಪುಸ್ತಕದಲ್ಲಿತ್ತು. ನಮ್ಮ ಗಿರಣಿಗಳಲ್ಲಿ ಎಷ್ಟು ಜನ ಹಮಾಲರು ಆ ರಜೆಯನ್ನು ಕಣ್ಣಿಂದ ಕಂಡರು? ಸುಗ್ಗಿಗೆ ಕರೆಸಿ, ಸುಗ್ಗಿ ಮುಗಿದೊಡನೆ ಹಾಜರಿ ಪುಸ್ತಕದಿಂದ ಹೆಸರು ಇಳಿಸಿಬಿಟ್ಟರೆ 240 ದಿನ ತುಂಬುವುದೆಲ್ಲಿ? ಹಾಜರಿ ಪುಸ್ತಕವೇ ಇಲ್ಲದೆ, ಮೇಸ್ತ್ರಿಯ ಜೇಬಿನ ಚೀಟಿಯಲ್ಲಿ, ಚೀಲಕ್ಕೆ ಇಷ್ಟು ಎಂದು ಲೆಕ್ಕ ಹಾಕಿದರಂತೂ ದಿನವೆಂಬುದೇ ಇಲ್ಲ, ಚೀಲ ಮಾತ್ರ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆ ಈ 240 ದಿನಗಳನ್ನು 180ಕ್ಕೆ ಇಳಿಸಿದೆ. ಇದು ಒಳ್ಳೆಯದೆಂದು ಒಪ್ಪೋಣ. ಆದರೆ ಅದೇ ಸಂಹಿತೆ, ವಿದ್ಯುತ್ ಬಳಸುವ ಕಡೆ “ಕಾರ್ಖಾನೆ” ಎನಿಸಿಕೊಳ್ಳಲು 10 ಜನ ಸಾಕಾಗಿದ್ದುದನ್ನು 20ಕ್ಕೆ ಏರಿಸಿದೆ. ಸಣ್ಣ ಗಿರಣಿಯ ಕೂಲಿಗಾರನಿಗೆ ಈ ಕೊಡು-ಕೊಳ್ಳುವಿಕೆಯಲ್ಲಿ ಉಳಿಯುವುದೆಷ್ಟು ಎಂಬುದನ್ನು ಕಾರ್ಮಿಕ ಇಲಾಖೆಯವರು ಬಳ್ಳಾರಿಗೆ ಬಂದು ಲೆಕ್ಕ ಹಾಕಿ ತೋರಿಸಲಿ.

“ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು” ಎಂದು ಕೆಲವರು ಮೂಗು ಮುರಿಯಬಹುದು. ಕೂಲಿ ಹೆಚ್ಚಿಸಿರೆಂದು ಕೇಳುವುದು ಬಿಟ್ಟು ಲಾಲ್‌ಬಾಗಿನ ಮಾತೇಕೆ ಎಂದು ನಮ್ಮ ಸಂಗಾತಿಗಳಲ್ಲಿಯೇ ಕೆಲವರು ಕೇಳಿದ್ದುಂಟು. ಅವರು ಸಂವಿಧಾನದ 43ನೆಯ ಅನುಚ್ಛೇದವನ್ನು ಒಮ್ಮೆ ತೆರೆದು ನೋಡಬೇಕು. ಕೆಲಸಗಾರನಿಗೆ ಜೀವನ ವೇತನ ದೊರೆಯಬೇಕೆಂದು ಹೇಳುವ ಆ ವಿಧಿ ಅಷ್ಟಕ್ಕೇ ನಿಲ್ಲುವುದಿಲ್ಲ. ವಿರಾಮವನ್ನೂ, ಸಾಮಾಜಿಕ ಮತ್ತು ಸಾಂಸ್ಕೃತಿಕ ಅವಕಾಶಗಳನ್ನೂ ಪೂರ್ಣವಾಗಿ ಅನುಭವಿಸುವಂತಾಗಲು ಸರಕಾರ ಯತ್ನಿಸತಕ್ಕದ್ದು ಎಂದೂ ಹೇಳುತ್ತದೆ. 1948ರ ಡಿಸೆಂಬರ್ 10ರ ಮಾನವ ಹಕ್ಕುಗಳ ಘೋಷಣೆಯ 24ನೆಯ ವಿಧಿಯಲ್ಲಿಯೂ ಇದೇ ಮಾತಿದೆ: ವಿಶ್ರಾಂತಿ, ವಿರಾಮ, ನಿಯತ ಕಾಲಕ್ಕೆ ಸಂಬಳ ಸಹಿತ ರಜೆ. ಹಿಟ್ಟನ್ನೂ ಮಲ್ಲಿಗೆಯನ್ನೂ ಬೇರೆ ಮಾಡಿದ್ದು ಮಾಲೀಕರು, ನಾವಲ್ಲ. ಮಲ್ಲಿಗೆ ಕೇಳಿದವನಿಗೆ ಹಿಟ್ಟು ಬೇಡವೆಂದು ಯಾರು ಹೇಳಿದರು?

1936ರ ಬೇಸಿಗೆಯಲ್ಲಿ ಫ್ರಾನ್ಸಿನ ಕಾರ್ಮಿಕರು ಕಾರ್ಖಾನೆಗಳೊಳಗೇ ಕುಳಿತು ಮುಷ್ಕರ ಹೂಡಿದರು. ಅಲ್ಲಿಯ ಸಮಾಜವಾದಿ ಪ್ರಧಾನಿ ಲಿಯೋನ್ ಬ್ಲುಮ್ ಅವರ ಸರಕಾರ ಜೂನ್ ತಿಂಗಳಲ್ಲಿ ಎರಡು ವಾರಗಳ ಸಂಬಳ ಸಹಿತ ರಜೆಯನ್ನು ಕಾನೂನು ಮಾಡಿತು. ಅಷ್ಟೇ ಮಾಡಿ ಕೈತೊಳೆದುಕೊಳ್ಳಲಿಲ್ಲ. ರಜೆ ಕೊಟ್ಟ ಮೇಲೆ ಹೋಗುವುದು ಹೇಗೆಂದು ಕೇಳಿಕೊಂಡು, ರಜೆಯ ಕಾರ್ಮಿಕರಿಗೆ ಕಡಮೆ ದರದ ರೈಲು ಟಿಕೀಟನ್ನೂ ಮಾಡಿಸಿತು. ಆ ವರ್ಷ ಮೊದಲ ಬಾರಿಗೆ ಸಮುದ್ರ ಕಂಡ ಕೂಲಿಕಾರ ಕುಟುಂಬಗಳಿದ್ದವು. ಅಲ್ಲಿಯ ಶ್ರೀಮಂತರು ತಮ್ಮ ಕಡಲತೀರ ಮೈಲಿಗೆಯಾಯಿತೆಂದು ಗೊಣಗಿದರು. ಗೊಣಗಲಿ ಬಿಡಿ.

ನಮ್ಮಲ್ಲಿ ಪ್ರಯಾಣದ ಅರ್ಧ ಪ್ರಶ್ನೆ ಬಗೆಹರಿದಿದೆ ಎಂದು ನ್ಯಾಯವಾಗಿ ಒಪ್ಪಿಕೊಳ್ಳಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಹೆಣ್ಣುಮಕ್ಕಳು ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೀಟಿನ ಹಣವಿಲ್ಲದೆ ಓಡಾಡುತ್ತಿದ್ದಾರೆ. ಇದನ್ನು ಪುಕ್ಕಟೆ ಎಂದು ಹೀಯಾಳಿಸುವವರ ಸಾಲಿನಲ್ಲಿ ನಾವಿಲ್ಲ. ತೆಕ್ಕಲಕೋಟೆಯ ಗಿರಣಿಯಲ್ಲಿ ನುಚ್ಚು ಗುಡಿಸುವ ತಾಯಿ ತನ್ನ ಮಗಳನ್ನು ಕರೆದುಕೊಂಡು ಸುಮಾರು 45 ಕಿಲೋಮೀಟರ್ ದೂರದ ಬಳ್ಳಾರಿಗೂ, ಅಲ್ಲಿಂದ 300 ಕಿಲೋಮೀಟರಿನಾಚೆಯ ಬೆಂಗಳೂರಿಗೂ ಒಂದು ಕಾಸಿಲ್ಲದೆ ಹೋಗಬಹುದು. ಗಂಡನಿಗೂ ಮಗನಿಗೂ ಟಿಕೀಟು. ಆಗಲಿ, ಅದನ್ನೂ ಹೇಗೋ ಹೊಂದಿಸಿಕೊಂಡಾರು. ಬಳ್ಳಾರಿಯಲ್ಲಿ ಹಂಪಿ ಎಕ್ಸ್‌ಪ್ರೆಸ್ಸಿನ ಸಾಮಾನ್ಯ ಡಬ್ಬಿಯಲ್ಲಿ ನಿಂತುಕೊಂಡಾದರೂ ಹೋದಾರು. ಆದರೆ ಇಳಿದ ಮೇಲೆ?

ಇಲ್ಲಿದೆ ನೋಡಿ ನಿಜವಾದ ಗೋಡೆ. ಈ ಲೇಖಕ ಹಿಂದೊಮ್ಮೆ ಮನೆಮಂದಿಯೊಡನೆ ಬೆಳಗಿನ ಜಾವ ಬೆಂಗಳೂರಿನಲ್ಲಿಳಿದು ಕೋಣೆಗಾಗಿ ಅಲೆದವನು. ವರ್ಷಾಂತ್ಯದ ದಿನಗಳು. ಒಂದು ವಸತಿಗೃಹದವನು ನಮ್ಮ ಗಂಟುಮೂಟೆಯನ್ನೂ ಮುಖವನ್ನೂ ನೋಡಿ, “ಸೀಸನ್ ರೇಟು” ಎಂದು ಒಂದು ಮೊತ್ತ ಹೇಳಿದ. ಆ ಹಣದಲ್ಲಿ ನಮ್ಮ ಮನೆಗೆ ಒಂದು ತಿಂಗಳ ದಿನಸಿ ಬರುತ್ತಿತ್ತು. ಮಕ್ಕಳು ಬಸ್ ನಿಲ್ದಾಣದ ಬೆಂಚಿನ ಮೇಲೆ ನಿದ್ದೆ ಮಾಡಿದರು. ನಾವು ಅಂದೇ ರಾತ್ರಿ ಹಿಂತಿರುಗುವ ಬಸ್ಸು ಹತ್ತಿದೆವು. ದುಃಖವೇನೂ ಆಗಲಿಲ್ಲ, ನಾಚಿಕೆಯಾಯಿತು. ಯಾರು ನಾಚಬೇಕಾಗಿತ್ತು ಎಂಬುದು ಆಮೇಲೆ ತಿಳಿಯಿತು.

ಹಿಂದಿನವರಿಗೆ ಈ ಸಂಗತಿ ಗೊತ್ತಿತ್ತು. ಗುಬ್ಬಿ ತೋಟದಪ್ಪನವರು ವ್ಯಾಪಾರದಲ್ಲಿ ಗಳಿಸಿದ ಹಣದಿಂದ ಬೆಂಗಳೂರಿನ ರೈಲು ನಿಲ್ದಾಣದ ಹತ್ತಿರ ಪ್ರಯಾಣಿಕರಿಗಾಗಿ ಛತ್ರ ಕಟ್ಟಿಸಿದರು, ಹಳ್ಳಿಯ ಹುಡುಗರ ಓದಿಗೆ ವಸತಿ ಏರ್ಪಡಿಸಿದರು. ಒಬ್ಬ ವರ್ತಕ ಮಾಡಿದ ಕೆಲಸವನ್ನು ಇಷ್ಟು ದೊಡ್ಡ ಸರಕಾರ ಮಾಡಲಾರದೆ? ಮಂತ್ರಿಗಳಿಗೆ, ಶಾಸಕರಿಗೆ, ಅಧಿಕಾರಿಗಳಿಗೆ ರಾಜಧಾನಿಯಲ್ಲಿ ಭವನಗಳಿವೆ. ಜಿಲ್ಲೆಯಿಂದ ಬರುವ ಕಾರ್ಮಿಕ ಕುಟುಂಬಕ್ಕೆ ಮೂರು ರಾತ್ರಿ ಮಲಗಲು ಒಂದು ಚಾವಡಿ ಇಲ್ಲ.

ಆದರೆ ನಮ್ಮ ತಾಲ್ಲೂಕಿನ ಕುಟುಂಬಗಳು ಮಾಗಿಯಲ್ಲಿ ಬೆಂಗಳೂರಿಗೆ ಹೋಗುವುದೇ ಇಲ್ಲ ಎಂದರೆ ಸುಳ್ಳಾದೀತು. ಹೋಗುತ್ತವೆ. ಕುಟುಂಬ ಸಮೇತವಾಗಿಯೇ ಹೋಗುತ್ತವೆ. ಕಾಲುವೆಯ ಕೊನೆಯ ಹಳ್ಳಿಗಳಿಗೆ ನೀರು ಮುಟ್ಟದ ವರ್ಷ, ಎರಡನೆಯ ಬೆಳೆಯಿಲ್ಲದ ವರ್ಷ, ಗಂಡ, ಹೆಂಡತಿ, ಮಕ್ಕಳು, ಪಾತ್ರೆಯ ಗಂಟು ಎಲ್ಲವೂ ಒಂದೇ ಬಸ್ಸಿನಲ್ಲಿ. ನಮ್ಮ ಜನ ಇದನ್ನು ಗುಳೆ ಎನ್ನುತ್ತಾರೆ. ತಂದೆ ಗಾರೆ ಹೊರುತ್ತಾನೆ, ತಾಯಿ ಜಲ್ಲಿ ಹೊರುತ್ತಾಳೆ, ದೊಡ್ಡ ಹುಡುಗಿ ಮರಳಿನ ಗುಡ್ಡೆಯ ಮೇಲೆ ತಮ್ಮನನ್ನು ಆಡಿಸುತ್ತಾಳೆ. ತಗಡಿನ ಗುಡಿಸಲಿನಲ್ಲಿ ಚಳಿಗಾಲ ಕಳೆಯುತ್ತದೆ. ಮಹಾನಗರದಲ್ಲಿ ನಮ್ಮವರ ಚಳಿಗಾಲದ ಕುಟುಂಬ ಚಟುವಟಿಕೆ ಎಂದರೆ ಇದೇ. ಇದನ್ನು ಯಾವ ಪತ್ರಿಕೆಯೂ ಪಟ್ಟಿಗೆ ಸೇರಿಸಿಲ್ಲ.

ತೆಕ್ಕಲಕೋಟೆಯವರಿಗೆ ಇದರಲ್ಲೊಂದು ವಿಶೇಷ ಸಂಕಟವೂ ಇದೆ. ನಮ್ಮದು ಪಟ್ಟಣ ಪಂಚಾಯತಿ. 2005ರಲ್ಲಿ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯಾದಾಗ ಅದು ಹಳ್ಳಿಗಳಿಗೆ ಬಂತು, ಪಟ್ಟಣಗಳಿಗೆ ಬರಲಿಲ್ಲ. ಊರಿಗೆ ಪಟ್ಟಣವೆಂಬ ಬಿರುದು ಸಿಕ್ಕಿತು. ಕೂಲಿಗಾರನ ಕೈಗೆ ಉದ್ಯೋಗ ಚೀಟಿ ಸಿಗಲಿಲ್ಲ. ಬೆಂಗಳೂರು ಒಂದು ಅರ್ಥದಲ್ಲಿ ಪಟ್ಟಣ, ತೆಕ್ಕಲಕೋಟೆ ಇನ್ನೊಂದು ಅರ್ಥದಲ್ಲಿ.

ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕಾನೂನು, 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಅವರ ಮಕ್ಕಳಿಗೆ ಶಿಶುಗೃಹ ಇರಬೇಕೆಂದು ಹೇಳಿತು. ಕಟ್ಟಡದ ವೆಚ್ಚದ ಮೇಲೆ ಶೇಕಡಾ 1ರಷ್ಟು ಸುಂಕ ವಸೂಲಾಗಿ ಕಾರ್ಮಿಕ ಕಲ್ಯಾಣ ಮಂಡಳಿಗೆ ಸೇರುತ್ತದೆ. ಆ ಹಣ ನಮ್ಮ ಜನರ ಬೆವರಿನ ಲೆಕ್ಕ. ಮರಳಿನ ಗುಡ್ಡೆಯ ಮೇಲೆ ತಮ್ಮನನ್ನು ಆಡಿಸುವ ಹುಡುಗಿಯನ್ನು ಒಂದು ಭಾನುವಾರ ಬಸ್ಸಿನಲ್ಲಿ ಕೂರಿಸಿ, ನಾಲ್ಕಾರು ಮೈಲಿ ದೂರದ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯಲು ಆ ಮಂಡಳಿಗೆ ಎಷ್ಟು ಖರ್ಚಾದೀತು?

ಆ ವಸ್ತುಸಂಗ್ರಹಾಲಯವನ್ನು 1962ರಲ್ಲಿ ನೆಹರೂ ಅವರು ಉದ್ಘಾಟಿಸಿದರು. ಯಂತ್ರ ಹೇಗೆ ತಿರುಗುತ್ತದೆ, ವಿದ್ಯುತ್ ಹೇಗೆ ಹುಟ್ಟುತ್ತದೆ ಎಂಬುದನ್ನು ಮಕ್ಕಳು ಕಣ್ಣಾರೆ ಕಂಡು ತಿಳಿಯಲಿ ಎಂಬುದು ಅದರ ಉದ್ದೇಶ. ಯಂತ್ರದ ಸದ್ದಿನಲ್ಲಿಯೇ ಹುಟ್ಟಿದ ಗಿರಣಿ ಕಾರ್ಮಿಕನ ಮಗನಿಗಿಂತ ಹೆಚ್ಚಾಗಿ ಅದು ಯಾರದು? ಹೈದರಾಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗು, 1889ರ ಅದರ ಗಾಜಿನ ಮನೆ, 1870ರ ಕಬ್ಬನ್ ಪಾರ್ಕು, ಇವು ಯಾವ ಕಂಪನಿಯ ಸ್ವತ್ತೂ ಅಲ್ಲ. ಪ್ರಜೆಗಳ ಕಂದಾಯದಿಂದ ಬೆಳೆದು ನಿಂತವು. ಪತ್ರಿಕೆಯ ಪಟ್ಟಿಯಲ್ಲಿ ಇವು ಕೆಳಗಿರುತ್ತವೆ. ಮೇಲಿರುವುದು ಮಾಲು, ನೀರಾಟದ ಉದ್ಯಾನ, ಕೃತಕ ಮಂಜಿನ ಕೋಣೆ. ಹೊರಗೆ ಮಾಗಿಯ ಚಳಿ ಪುಕ್ಕಟೆಯಾಗಿ ಬೀಸುತ್ತಿರುವಾಗ ಒಳಗೆ ಹಣ ಕೊಟ್ಟು ಚಳಿ ಕೊಳ್ಳುವವರ ಬುದ್ಧಿಗೆ ಏನೆನ್ನೋಣ! ಅದು ಅವರವರ ಹಣ, ಅವರವರ ಚಳಿ. ನಮ್ಮ ತಕರಾರು ಬೇರೆ. ಸಾರ್ವಜನಿಕ ಸಂತೋಷಗಳು ಮೂಲೆಗುಂಪಾಗಿ, ಟಿಕೀಟಿನ ಸಂತೋಷವೊಂದೇ ಸಂತೋಷವೆಂದು ಮಕ್ಕಳು ನಂಬುವಂತಾಗುತ್ತಿದೆ. ಇದನ್ನು ಸುಮ್ಮನೆ ಬಿಡಲಾಗದು.

ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿ ನೋಡಿ. ಅಲ್ಲಿ ಬೆಳೆದವನೂ ಬರುತ್ತಾನೆ, ಮಾರುವವನೂ ಬರುತ್ತಾನೆ, ತಿನ್ನುವವನೂ ಬರುತ್ತಾನೆ. ಬಾಗಿಲಿಲ್ಲ, ಟಿಕೀಟಿಲ್ಲ. ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು 2003ರಿಂದ ನಡೆಸುತ್ತ ಬಂದಿರುವ ಚಿತ್ರಸಂತೆಯಲ್ಲಿ ಕಲಾವಿದರು ರಸ್ತೆಯಲ್ಲಿಯೇ ಚಿತ್ರ ಹರಡಿ ಕೂರುತ್ತಾರೆ. ಕೊಳ್ಳದಿದ್ದರೂ ನೋಡಿಕೊಂಡು ಹೋಗಬಹುದು. ಮಹಾನಗರಕ್ಕೆ ಎಲ್ಲರನ್ನೂ ಒಳಗೆ ಬಿಟ್ಟುಕೊಳ್ಳಲು ಬರುತ್ತದೆ, ಮನಸ್ಸು ಮಾಡಿದರೆ.

ಲಾಲ್‌ಬಾಗಿನ ಬಂಡೆಯ ಮುಂದೆ ನಿಂತು, ಇದು 300 ಕೋಟಿ ವರ್ಷದ್ದಂತೆ ಎಂದು ನಗರದ ಮಕ್ಕಳು ಬೆರಗಾಗುತ್ತಾರೆ. ಬೆರಗಾಗಲಿ. ನಮ್ಮ ಮಕ್ಕಳು ಬಂಡೆಗಳ ನಡುವೆಯೇ ಹುಟ್ಟಿದವರು. 1963-64ರಲ್ಲಿ ಎಂ. ಎಸ್. ನಾಗರಾಜರಾವ್ ಮತ್ತು ಕೆ. ಸಿ. ಮಲ್ಹೋತ್ರ ಅವರು ತೆಕ್ಕಲಕೋಟೆಯ ಗುಡ್ಡಗಳನ್ನು ಅಗೆದು, ಮೂರೂವರೆ ಸಾವಿರ ವರ್ಷಗಳಿಗೂ ಹಿಂದೆ ಇಲ್ಲಿ ದನ ಸಾಕಿ, ಕಲ್ಲಿನ ಕೊಡಲಿ ಮಸೆದು, ಗುಡಿಸಲು ಕಟ್ಟಿ ಬಾಳಿದ ಜನರ ಕುರುಹುಗಳನ್ನು ಹೊರತೆಗೆದರು. 1965ರಲ್ಲಿ ಪುಣೆಯ ಡೆಕ್ಕನ್ ಕಾಲೇಜು ಅದನ್ನು ಇಂಗ್ಲಿಷಿನಲ್ಲಿ ಪುಸ್ತಕವಾಗಿ ಪ್ರಕಟಿಸಿತು. ಇದೇ ತಾಲ್ಲೂಕಿನ ನಿಟ್ಟೂರು, ಉಡೇಗೋಳಗಳ ಬಂಡೆಗಳ ಮೇಲೆ ಅಶೋಕನ ಹೆಸರೇ ಇರುವ ಶಾಸನಗಳಿವೆ. ಇವನ್ನು ನೋಡಲು ಬೆಂಗಳೂರಿನ ಕುಟುಂಬಗಳು ಚಳಿಗಾಲದ ರಜೆಯಲ್ಲಿ ನಮ್ಮೂರಿಗೆ ಬರಬಾರದೇಕೆ? ಬಂದರೆ ಚಹದ ಅಂಗಡಿಗೂ, ಖಾನಾವಳಿಗೂ, ಆಟೋದವನಿಗೂ ನಾಲ್ಕು ಕಾಸು. ಪಟ್ಟಿ ಬರೆಯುವ ಮಹನೀಯರು ಬಳ್ಳಾರಿಯ ದಾರಿಯನ್ನೇ ಕಂಡಂತಿಲ್ಲ.

ಸಣ್ಣ ವ್ಯಾಪಾರಿ ಮಿತ್ರರು ಇಷ್ಟು ಹೊತ್ತು ಸುಮ್ಮನಿದ್ದು, “ಕೂಲಿಕಾರನಿಗೆ ರಜೆ ಸಿಕ್ಕರೆ ನಮಗೇನು?” ಎಂದು ಈಗ ಕೇಳುತ್ತಾರೆ. ಸರಿಯಾದ ಪ್ರಶ್ನೆ. ನಿಮ್ಮ ಅಂಗಡಿಯ ಉದ್ರಿ ಪುಸ್ತಕದಲ್ಲಿರುವ ಹೆಸರುಗಳು ಯಾರವು? ಗಿರಣಿ ನಿಂತ ತಿಂಗಳುಗಳಲ್ಲಿ ಕೂಲಿಯಿಲ್ಲದೆ ಸಾಲ ಬರೆಸಿದವರವೇ ಅಲ್ಲವೆ? ಬಿಡುವಿನ ದಿನಕ್ಕೂ ಸಂಬಳ ಬಂದರೆ ಆ ಹಣ ಮೊದಲು ಬರುವುದು ನಿಮ್ಮ ಗಲ್ಲಾಕ್ಕೆ. ಇನ್ನು ನಿಮ್ಮ ಸ್ವಂತದ ಮಾತು. ಕಿರಾಣಿ ಅಂಗಡಿಯವನು ಹೆಂಡತಿ ಮಕ್ಕಳೊಡನೆ ಮೂರು ದಿನ ಊರು ಬಿಟ್ಟು ಯಾವಾಗ ಹೋಗಿದ್ದ? ಬಾಗಿಲು ಹಾಕಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆಂಬ ಭಯದಲ್ಲಿ ಎಲ್ಲರೂ ಎಲ್ಲ ದಿನವೂ ತೆರೆದಿರುತ್ತೀರಿ. 1961ರ ಅಂಗಡಿ ಕಾಯ್ದೆಯ ವಾರದ ರಜೆ ಗೋಡೆಯ ಮೇಲಿನ ಹಲಗೆಯಲ್ಲಿದೆ, ಬಾಗಿಲ ಬೀಗದಲ್ಲಿಲ್ಲ. ನಮ್ಮ ಕಡೆ ಎಷ್ಟೋ ಊರುಗಳಲ್ಲಿ ಅಮವಾಸ್ಯೆಗೆ ವಹಿವಾಟು ನಿಲ್ಲಿಸುವ ವಾಡಿಕೆ ಉಂಟು. ಆ ದಿನ ಯಾರ ಗಿರಾಕಿಯೂ ಯಾರ ಪಾಲೂ ಆಗುವುದಿಲ್ಲ, ಏಕೆಂದರೆ ಎಲ್ಲರೂ ಮುಚ್ಚಿರುತ್ತಾರೆ. ಪೇಟೆಯವರೆಲ್ಲ ಕೂಡಿ ಸರದಿ ಕಟ್ಟಿಕೊಂಡು, ಒಂದೊಂದು ಓಣಿ ವರ್ಷಕ್ಕೆ ಮೂರು ದಿನ ಬಾಗಿಲು ಹಾಕುವುದಕ್ಕೆ ಸರಕಾರದ ಅಪ್ಪಣೆ ಬೇಕೆ?

ಹಾಗಾದರೆ ಕೇಳಬೇಕಾದದ್ದೇನು? ಡಿಸೆಂಬರಿನಲ್ಲಿ ಗಿರಣಿ ನಿಲ್ಲಿಸಿ ಎಂದು ನಾವು ಹೇಳುತ್ತಿಲ್ಲ. ಬತ್ತ ಕಾಯುವುದಿಲ್ಲವೆಂಬುದನ್ನು ಮಾಲೀಕರಿಂದ ಕಲಿಯಬೇಕಾಗಿಲ್ಲ. ದಸರೆಯ ರಜೆಯಲ್ಲಿ ಮಕ್ಕಳು ಮನೆಯಲ್ಲಿರುತ್ತಾರೆ, ಬತ್ತ ಇನ್ನೂ ಗದ್ದೆಯಲ್ಲಿರುತ್ತದೆ, ಗಿರಣಿಯ ಕೆಲಸ ಸಡಿಲವಾಗಿರುತ್ತದೆ. ಆಗ ಸರದಿಯ ಮೇಲೆ ಪ್ರತಿ ಕೆಲಸಗಾರನಿಗೂ, ಹಮಾಲನೂ ಸೇರಿ, ಒಂದು ವಾರದ ಸಂಬಳ ಸಹಿತ ರಜೆ ಬೇಕು. ಚೀಲದ ಲೆಕ್ಕದವರಿಗೆ ಹಿಂದಿನ ಸುಗ್ಗಿಯ ಸರಾಸರಿ ಕೂಲಿ ಹಿಡಿಯಲಿ. ಬೆಂಗಳೂರಿನಲ್ಲಿ ಜಿಲ್ಲೆಗಳ ಕಾರ್ಮಿಕ ಕುಟುಂಬಗಳಿಗೆ ಒಂದು ತಂಗುಮನೆ ಬೇಕು. ಸರಕಾರಿ ಶಾಲೆಯ ಮಕ್ಕಳಿಗಾಗಿ “ಚಿಣ್ಣರ ಕರ್ನಾಟಕ ದರ್ಶನ” ಎಂಬ ಪ್ರವಾಸದ ಯೋಜನೆಯನ್ನು ಸರಕಾರವೇ ಹುಟ್ಟುಹಾಕಿತ್ತು. ಅದು ತರಗತಿಗೆ ನಾಲ್ಕು ಮಕ್ಕಳ ಅದೃಷ್ಟವಾಗದೆ, ತೆಕ್ಕಲಕೋಟೆಯ ಪ್ರತಿ ಮಗುವೂ ಹತ್ತನೆಯ ತರಗತಿ ದಾಟುವ ಮೊದಲು ಒಮ್ಮೆಯಾದರೂ ರಾಜಧಾನಿಯನ್ನು ತಲೆಯ ಮೇಲೆ ಚೀಲವಿಲ್ಲದೆ ನೋಡುವಂತಾಗಬೇಕು.

ತೆಕ್ಕಲಕೋಟೆ, ಸಿರುಗುಪ್ಪ, ಕುರುಗೋಡು, ಬಳ್ಳಾರಿಗಳ ಗಿರಣಿ ಕೆಲಸಗಾರರಲ್ಲಿ ಸದ್ಯಕ್ಕೆ ನಮ್ಮದೊಂದು ಬಿನ್ನಹ. ಈ ವರ್ಷ ನೀವು ಒಟ್ಟು ಎಷ್ಟು ದಿನ ದುಡಿದಿರಿ, ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ಎಷ್ಟು ದಿನ ಬರೆದಿದ್ದಾರೆ, ಈ ಎರಡು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ನಮ್ಮ ಕಚೇರಿಗೆ ತಲುಪಿಸಿ. ಹಾಜರಿ ಪುಸ್ತಕವನ್ನೇ ಕಾಣದವರು ಹಾಗೆಂದೇ ಬರೆಯಿರಿ. ಬರೆಯಲು ಬಾರದವರು ಮಕ್ಕಳಿಂದ ಬರೆಸಿ. ಚೀಟಿಯಲ್ಲಿ ನಿಮ್ಮ ಹೆಸರೂ ಬೇಡ, ಗಿರಣಿಯ ಹೆಸರೂ ಬೇಡ. ಕಾರ್ಮಿಕ ಅಧಿಕಾರಿಗಳ ಮೇಜಿನ ಮೇಲೆ ಇಡುವಾಗ ನಮಗೆ ಬೇಕಾಗಿರುವುದು ಆ ಎರಡು ಅಂಕಿಗಳು ಮಾತ್ರ.